ಹೆಂಡತಿಯ ವೀಸಾದಲ್ಲಿ ಬಂದ ಯುಜಿನ್

ಅಬುಧಾಬಿಯಿಂದ ಪಶ್ಚಿಮಕ್ಕಿರುವ ಮದೀನತ್ ಜಾಯೆದ್‌ನಲ್ಲಿ ಹೊಸಬರು ಯಾರಾದರೂ ಸಿಕ್ಕರೆ ಹೆಸರಿಗಿಂತ ಮೊದಲು ಕಂಪನಿ ಕೇಳುತ್ತಾರೆ. ಎಣ್ಣೆಯದೋ ಗ್ಯಾಸಿನದೋ, ಸರ್ಕಾರಿಯೋ ಗುತ್ತಿಗೆಯೋ, ಮನೆ ಕಂಪನಿ ಕೊಟ್ಟದ್ದೋ ಸ್ವಂತ ಬಾಡಿಗೆಯೋ, ಇದೆಲ್ಲ ಆದ ಮೇಲೆ ಹೆಸರು. ಮರಳಿನ ನಡುವೆ ಇರುವ ಸಣ್ಣ ಊರು, ಬಂದವರೆಲ್ಲ ದುಡಿಯುವುದಕ್ಕೇ ಬಂದವರು, ಕೇಳಿದರೆ ತಪ್ಪೇನು ಎಂದು ನಾನೂ ಎಷ್ಟೋ ಕಾಲ ಸುಮ್ಮನಿದ್ದೆ. ಆ ಪ್ರಶ್ನೆ ಗಂಡಸರಿಗೆ ಮಾತ್ರ ಮೀಸಲು ಎನ್ನುವುದು ನನಗೆ ಹೊಳೆದದ್ದು ಯುಜಿನ್ ನಮ್ಮ ಕಟ್ಟಡಕ್ಕೆ ಬಂದ ಮೇಲೆ.

ಅವನನ್ನು ಮೊದಲು ನೋಡಿದ್ದು ಲಿಫ್ಟಿನಲ್ಲಿ. ನಾನು, ನನ್ನ ಗಂಡ ನಿರಂಜನ, ಮತ್ತು ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ದಪ್ಪ ಮೀಸೆಯ ಮನುಷ್ಯ. ಚೀಲದೊಳಗಿಂದ ಬಸಳೆ ಬಳ್ಳಿ ಹೊರಗೆ ಇಣುಕುತ್ತಿತ್ತು. ಅದನ್ನು ನೋಡಿಯೇ ನಿರಂಜನ, “ಮಂಗಳೂರಿನವರಾ?” ಎಂದರು. ಹೌದು ಎಂದ. “ಯಾವ ಕಂಪನಿ?”

“ಲೂರ್ದ್ ಕಂಪನಿ.”

“ಕೇಳಿಲ್ವಲ್ಲ. ಹೊಸದಾ?”

“ಹಳೇದೇ ಸರ್. ಲೂರ್ದ್ ಅಂದ್ರೆ ನನ್ನ ಹೆಂಡತಿ. ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ನಾನು ಅವಳ ವೀಸಾದಲ್ಲಿ ಬಂದವ, ಕೆಲಸ ಗಿಲಸ ಎಂತದೂ ಇಲ್ಲ.”

ನಿರಂಜನ ಪಾಪ, ಲಿಫ್ಟಿನ ಗುಂಡಿಗಳನ್ನು ನೋಡತೊಡಗಿದರು. ಆತನಿಗೆ ಮುಜುಗರದ ಸುಳಿವೇ ಇರಲಿಲ್ಲ. ನಮ್ಮ ಮಹಡಿ ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ನಾವು ಇಳಿದ ಕೂಡಲೇ ಲಿಫ್ಟಿನ ಗೋಡೆಗೆ ಎರಡು ಸಲ ಬಡಿದು “ರೈಟ್!” ಎಂದ. ಬಾಗಿಲು ಮುಚ್ಚಿತು. ನಾನು ಕಾರಿಡಾರಿನಲ್ಲೇ ನಿಂತು ನಕ್ಕುಬಿಟ್ಟೆ.

ಮಂಗಳೂರು ಮೂಡಬಿದಿರೆ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದನಂತೆ. ಆ ಬಸ್ಸುಗಳನ್ನು ಕಂಡವರಿಗೆ ಆ ಕಂಡಕ್ಟರುಗಳೂ ಗೊತ್ತು. ಓಡುವ ಬಸ್ಸಿಗೆ ಹಾರಿ ಹತ್ತುವವರು, ಯಾರು ಎಲ್ಲಿ ಇಳಿಯುತ್ತಾರೆ, ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ, ಎಲ್ಲ ಬಾಯಿಪಾಠ ಇರುವವರು. ಅಂಥ ಕೆಲಸ ಈ ದೇಶದಲ್ಲಿ ಇಲ್ಲವೇ ಇಲ್ಲ. ಇಲ್ಲಿ ಬಸ್ಸಿನಲ್ಲಿ ಕಾರ್ಡು ತೋರಿಸಿದರೆ ಯಂತ್ರ ಕೀಂ ಎನ್ನುತ್ತದೆ, ಮುಗಿಯಿತು. “ಇಡೀ ಬಸ್ಸಲ್ಲಿ ಒಬ್ಬನೂ ಒಬ್ಬನ ಹತ್ರ ಮಾತಾಡುದಿಲ್ಲ ಅಕ್ಕ. ಇದು ಬಸ್ಸಾ, ಶವದ ವ್ಯಾನಾ?” ಎಂದು ಬಂದ ಹೊಸದರಲ್ಲಿ ನನ್ನ ಹತ್ತಿರ ಕೂಗಾಡಿದ್ದ.

ಅವನು ಇಲ್ಲಿಗೆ ಬರುವಾಗ ಲೂರ್ದ್ ಮತ್ತು ಅವನ ಮದುವೆಯಾಗಿ ಆರು ವರ್ಷ. ಮದುವೆಗೆ ಮೊದಲೇ ಅವಳು ಇಲ್ಲಿ ನರ್ಸು. ವರ್ಷಕ್ಕೊಂದು ತಿಂಗಳ ರಜೆ, ಅಷ್ಟೇ ಸಂಸಾರ. ಅವರ ಕಡೆ ಇದು ಹೊಸದೇನಲ್ಲ. ಗಂಡ ಗಲ್ಫಿನಲ್ಲಿ, ಹೆಂಡತಿ ಊರಿನಲ್ಲಿ, ಹೀಗೆ ಅರ್ಧ ಆಯುಷ್ಯ ಕಳೆದವರು ಮನೆಗೊಬ್ಬರು ಸಿಗುತ್ತಾರೆ, ಯಾರೂ ಅದನ್ನು ವಿಚಿತ್ರ ಅನ್ನುವುದಿಲ್ಲ. ಇವರದು ತಿರುಗಾಮುರುಗಾ ಆದದ್ದೇ ತಡ, ಊರಿನವರಿಗೆಲ್ಲ ಹಲ್ಲು ಕಿಸಿಯಲು ಒಂದು ವಿಷಯ ಸಿಕ್ಕಿತು. ಕೊನೆಗೆ ಲೂರ್ದ್ ಅವನ ವೀಸಾಕ್ಕೆ ಅರ್ಜಿ ಹಾಕಿ ಕರೆಸಿಕೊಂಡಳು. ನಗು ಇನ್ನಷ್ಟು ಜೋರಾಯಿತು.

ಇಲ್ಲಿ ನನ್ನ ಮಾತೂ ಸ್ವಲ್ಪ ಹೇಳಬೇಕು. ನಾನು ಚಾಮುಂಡೇಶ್ವರಿ, ಮೈಸೂರಿನ ಸರಸ್ವತಿಪುರಂನವಳು. ಮದುವೆಗೆ ಮೊದಲು ಬ್ಯಾಂಕಿನಲ್ಲಿದ್ದೆ. ಅದನ್ನು ಬಿಟ್ಟು ಗಂಡನ ವೀಸಾದಲ್ಲಿ ಇಲ್ಲಿಗೆ ಬಂದು ಮಗಳು ಹೈಸ್ಕೂಲಿಗೆ ಹೋಗುವಷ್ಟು ಕಾಲವಾಯಿತು. ಇಷ್ಟು ವರ್ಷದಲ್ಲಿ ಒಬ್ಬ ನರಪಿಳ್ಳೆಯೂ ನನ್ನನ್ನು ನೋಡಿ, ಅಯ್ಯೋ ಗಂಡನ ವೀಸಾದಲ್ಲಿ ಕೂತು ಉಣ್ಣುತ್ತಿದ್ದಾಳೆ ಎಂದಿಲ್ಲ. ಯುಜಿನ್ ಮಾಡುತ್ತಿದ್ದುದೂ ನಾನು ಮಾಡುವುದನ್ನೇ. ಅಡುಗೆ, ಬಟ್ಟೆ, ಅಂಗಡಿ, ಸಂಜೆ ಬಾಲ್ಕನಿ. ಅವನಿಗೆ ಮಾತ್ರ ಅದು ಅವಮಾನ ಹೇಗಾಯಿತು ಎಂದು ನಾನು ಎಷ್ಟೋ ಜನರ ಹತ್ತಿರ ಜಗಳಕ್ಕೇ ನಿಂತಿದ್ದೇನೆ. ನಿರಂಜನರ ಹತ್ತಿರ ದಿನಾ.

ಹಾಗೆಂದು ಅವರ ಸಂಸಾರ ಹಾಲು ಜೇನಾಗಿತ್ತು ಅಂತಲ್ಲ. ರಜೆಯ ಒಂದು ತಿಂಗಳಲ್ಲಿ ಯಾರೂ ಯಾರ ಜೊತೆಗೂ ಬಾಳುವುದಿಲ್ಲ, ನೆಂಟರ ಮನೆ ತಿರುಗುತ್ತಾರೆ. ನಿಜವಾಗಿ ಒಂದೇ ಸೂರಿನ ಕೆಳಗೆ ಅವರು ಇದ್ದದ್ದು ಇಲ್ಲಿಗೆ ಬಂದ ಮೇಲೆ. ಅವಳಿಗೆ ಏಸಿ ಕೊರೆಯುವಷ್ಟು ತಣ್ಣಗಿರಬೇಕು, ಅವನು ಕಂಬಳಿ ಹೊದ್ದು ಬಾಲ್ಕನಿಗೆ ಹೋಗಿ ಬಿಸಿಗಾಳಿಯಲ್ಲಿ ಮೈ ಕಾಯಿಸಿಕೊಳ್ಳುವನು. ಅವನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿಟ್ಟ. ಡ್ಯೂಟಿಯಿಂದ ಬಂದವಳಿಗೆ ಉಪ್ಪು ಸಿಗದೆ, ಇದು ನನ್ನ ಮನೆಯೋ ನಿನ್ನ ಬಸ್ಸೋ ಎಂದು ರೇಗಿದ್ದು ನಮ್ಮ ಮನೆಗೂ ಕೇಳಿಸಿತು. ಅವನಿಗೆ ಮೌನ ಆಗದು. ಅವಳಿಗೆ ಇಡೀ ದಿನ ರೋಗಿಗಳ ಗೋಳು ಕೇಳಿ ಬಂದ ಮೇಲೆ ಒಂದಿಷ್ಟು ಹೊತ್ತು ಯಾರೂ ಮಾತಾಡಿಸಬಾರದು. ಆಗೆಲ್ಲ ಅವನು ಕೆಳಗೆ ಮೊಯ್ದೀನ್‌ನ ಕಿರಾಣಿ ಅಂಗಡಿಗೆ ಇಳಿದುಬಿಡುತ್ತಿದ್ದ. ಮೊಯ್ದೀನ್ ಉಪ್ಪಳದವನು, ತುಳು ಬರುತ್ತದೆ. ಇಬ್ಬರೂ ಈರುಳ್ಳಿ ಮೂಟೆಯ ಪಕ್ಕ ಕೂತು ಇಡೀ ಕರಾವಳಿಯ ಸುದ್ದಿ ಬಿಚ್ಚುತ್ತಿದ್ದರು.

ಬೇಸಿಗೆ ಬಂದಾಗ ಒಂದು ಹೊಸ ಕ್ರಮ ಶುರುವಾಯಿತು. ಮಧ್ಯಾಹ್ನ ಹಕ್ಕಿಯೂ ಹಾರದ ಬಿಸಿಲಿನಲ್ಲಿ ಯುಜಿನ್ ತಲೆಗೆ ಒದ್ದೆ ಬೈರಾಸು ಸುತ್ತಿಕೊಂಡು, ಊಟದ ಕ್ಯಾರಿಯರ್ ಹಿಡಿದು ಆಸ್ಪತ್ರೆಗೆ ನಡೆದು ಹೋಗುವನು. ಕ್ಯಾಂಟೀನಿನ ಸ್ಯಾಂಡ್‌ವಿಚ್ ತಿಂದು ಅವಳ ಹೊಟ್ಟೆ ಕೆಟ್ಟಿತ್ತು, ಅದಕ್ಕೆ. ಗೇಟಿನ ಹತ್ತಿರ ಒಬ್ಬ ಯಾರೋ ಅವನನ್ನು ಹೋಟೆಲ್ ಡೆಲಿವರಿಯವನೆಂದು ತಿಳಿದು ನಂಬರು ಕೇಳಿದನಂತೆ. “ಒಬ್ಬಳಿಗೇ ಸಪ್ಲೈ ಮಾಡುದು, ಬೇರೆ ಆರ್ಡರ್ ಇಲ್ಲ ಅಂತ ಹೇಳಿದೆ ಅಕ್ಕ,” ಎಂದು ನನ್ನ ಹತ್ತಿರ ಬಂದು ಮೀಸೆ ತಿರುವಿದ. ಕಟ್ಟಡದ ಕೆಳಗೆ ಸಂಜೆ ಸೇರುತ್ತಿದ್ದ ಗಂಡಸರು ಅವನು ಕ್ಯಾರಿಯರ್ ಹಿಡಿದು ಬರುವಾಗ ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಿದ್ದರು. ಅವನು ಬೇಕೆಂದೇ ಅವರ ಎದುರಿಗೇ ಕ್ಯಾರಿಯರ್ ಆಡಿಸಿಕೊಂಡು ಹೋಗುತ್ತಿದ್ದ. ಆ ಕೊಬ್ಬು ನನಗೆ ಬಹಳ ಇಷ್ಟವಾಗುತ್ತಿತ್ತು.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಆಗಸ್ಟಿನಲ್ಲಿ ದುಬೈಯಿಂದ ಒಂದು ಫೋನು ಬಂತು. ಫೋನು ಮಾಡಿದ್ದು ಲಿಯೊನೆಲ್. ಲೂರ್ದ್‌ಳ ಅಪ್ಪನ ತಮ್ಮ, ಕೊಂಕಣಿಯಲ್ಲಿ ಬಾಪ್ಪು. ಅಲ್ ನಹ್ದಾದಲ್ಲಿ ಮನೆ. ಅವರ ಕುಟುಂಬದಿಂದ ಗಲ್ಫಿಗೆ ಮೊದಲು ಬಂದವರು ಅವರೇ. ಆಮೇಲೆ ಅಣ್ಣನ ಮಕ್ಕಳು, ತಂಗಿಯ ಮಕ್ಕಳು, ಊರಿನ ಅರ್ಧ ಕೇರಿಯನ್ನೇ ಒಬ್ಬೊಬ್ಬರಾಗಿ ಕರೆಸಿ ಕೆಲಸ ಹಿಡಿಸಿಕೊಟ್ಟವರು. ಲೂರ್ದ್‌ಗೆ ಇಲ್ಲಿಯ ಕೆಲಸ ಆದದ್ದೂ ಅವರು ಓಡಾಡಿದ್ದಕ್ಕೇ. ಕೆಟ್ಟವರೆಂದು ನಾನು ಹೇಳಲಾರೆ. ಆದರೆ ತಾನು ಎಳೆದ ಗೆರೆಯಲ್ಲೇ ಎಲ್ಲರೂ ನಡೆಯಬೇಕು ಎನ್ನುವ ಜಾತಿ.

ಅವರು ಯುಜಿನ್‌ಗೆ ಕೆಲಸ ನೋಡಿದ್ದರು. ಜಬಲ್ ಅಲಿಯ ಒಂದು ಗೋಡೌನಿನಲ್ಲಿ ಸ್ಟೋರ್ ಸಹಾಯಕ. ವಸತಿ ಕಂಪನಿಯ ಕ್ಯಾಂಪಿನಲ್ಲಿ, ಒಂದು ಕೋಣೆಯಲ್ಲಿ ಆರು ಜನ. ಕಂಪನಿಯದೇ ವೀಸಾ. ಆ ಕೊನೆಯ ಮಾತನ್ನೇ ಬಾಪ್ಪು ಒತ್ತಿ ಒತ್ತಿ ಹೇಳಿದರಂತೆ. ನಿನ್ನದೇ ವೀಸಾ, ಗಂಡಸಿನ ಹಾಗೆ. ಜಬಲ್ ಅಲಿಯಿಂದ ನಮ್ಮ ಊರಿಗೆ ಕಾರಿನಲ್ಲೇ ಮೂರು ತಾಸು ಹಿಡಿಯುತ್ತದೆ. ಅವನಿಗೆ ಕಾರಿಲ್ಲ. ವಾರದ ರಜೆ ಒಂದು ದಿನ, ಲೂರ್ದ್‌ಗೆ ಆ ದಿನ ಡ್ಯೂಟಿ ಬಿದ್ದರೆ ಅದೂ ಇಲ್ಲ. ಸೆಪ್ಟೆಂಬರಿನ ಮೊಂತಿ ಫೆಸ್ತ್ ಹಬ್ಬಕ್ಕೆ ಎಲ್ಲರೂ ತನ್ನ ಮನೆಗೆ ಬನ್ನಿ, ಅಲ್ಲೇ ಮಾತು ಮುಗಿಸೋಣ ಎಂದು ಬಾಪ್ಪು ಫೋನಿಟ್ಟಿದ್ದರು.

ಮಾರನೆಯ ದಿನ ಯುಜಿನ್ ನಮ್ಮ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತ. ನಾನು ಕಾಫಿ ಕೊಟ್ಟೆ. ಮುಟ್ಟಲಿಲ್ಲ.

“ಇವಳು ಹೋಗು ಅಂತ ಹೇಳಿದ್ರೆ ಹೋಗ್ತೇನೆ ಅಕ್ಕ. ಹೋಗ್ಬೇಡ ಅಂತ ಹೇಳಿದ್ರೆ ಬಾಪ್ಪುವಿನ ಮುಖಕ್ಕೇ ಆಗುದಿಲ್ಲ ಅಂತ ಹೇಳಿ ಬರ್ತೇನೆ. ಇವಳು ಎಂತ ಹೇಳ್ತಾಳೆ ಗೊತ್ತುಂಟಾ? ನಿನ್ನ ಇಷ್ಟ ಅಂತ.”

“ಅಂದ್ರೆ ಬಿಡು, ನಿನ್ನ ಇಷ್ಟದ ಹಾಗೆ ಮಾಡು,” ಎಂದೆ.

“ಅದು ಹಾಗಲ್ಲ ಅಕ್ಕ. ಊರಿಡೀ ನಗಾಡಿದ್ರೂ ನನಗೆ ಒಂದು ಕೂದಲು ಅಲ್ಲಾಡುದಿಲ್ಲ. ಆದ್ರೆ ಇವಳಿಗೂ ನಾಚಿಕೆ ಆಗ್ತಾ ಉಂಟಾ ಅಂತ. ಹೊರಗೆ ಹೇಳ್ಲಿಕ್ಕೆ ಆಗುದಿಲ್ಲ, ಅದಕ್ಕೆ ನಿನ್ನ ಇಷ್ಟ ಅಂತ ಹೇಳ್ತಾಳಾ ಅಂತ. ಇವಳಿಗೇ ನಾಚಿಕೆ ಆದ್ರೆ ನಾನು ಇಲ್ಲಿ ಎಂತಕ್ಕೆ ಇರುದು?”

ಆರಿದ ಕಾಫಿಯನ್ನು ಹಾಗೇ ಬಿಟ್ಟು ಎದ್ದ. ಅವನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಇನ್ನೊಬ್ಬರ ಸಂಸಾರದಲ್ಲಿ ತಲೆ ಹಾಕಬೇಡ ಎಂದು ನಿರಂಜನ ಹೇಳುತ್ತಲೇ ಇದ್ದರು, ನಾನು ಚಪ್ಪಲಿ ಮೆಟ್ಟಿ ಮೇಲಿನ ಮಹಡಿಗೆ ಹೋದೆ. ಲೂರ್ದ್ ಡ್ಯೂಟಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಯುಜಿನ್ ಮೊಯ್ದೀನ್‌ನ ಅಂಗಡಿಗೆ ಹೋಗಿದ್ದ.

“ನಿನಗೆ ಅವನು ಇಲ್ಲಿರೋದು ಬೇಕಾ ಬೇಡ್ವಾ?” ಎಂದು ನೇರವಾಗಿ ಕೇಳಿದೆ.

ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. “ಬೇಕಾಗದೆ ಇದ್ರೆ ಕರೆಸ್ತಿದ್ದೆನಾ ಅಕ್ಕ?”

“ಹಾಗಾದ್ರೆ ಹೇಳಬಾರದೇನೇ ಬಾಯಿಬಿಟ್ಟು?”

ಅವಳು ಮಾತಿನವಳಲ್ಲ. ನಿಧಾನಕ್ಕೆ ಹೇಳಿದಳು. ಅವಳ ಅಪ್ಪನಿಗೆ ಹರೆಯದಲ್ಲಿ ಹಡಗಿನಲ್ಲಿ ಕೆಲಸ ಸಿಕ್ಕಿತ್ತಂತೆ. ಅಮ್ಮ ಅತ್ತು ಕರೆದು ಹೋಗಬೇಡ ಎಂದಳು. ಅಪ್ಪ ಹೋಗಲಿಲ್ಲ. ಆದರೆ ಆಮೇಲೆ ಮನೆಯಲ್ಲಿ ಹಂಚು ಒಡೆದರೂ, ಮಕ್ಕಳ ಫೀಸು ಬಾಕಿಯಾದರೂ, ಸಾರಿಗೆ ಉಪ್ಪು ಹೆಚ್ಚಾದರೂ, ನಿನ್ನಿಂದಲೇ ನಾನು ಇಲ್ಲಿ ಕೊಳೆತದ್ದು ಎಂಬ ಒಂದೇ ಮಾತು. ಅಮ್ಮ ಅದನ್ನು ಕೇಳಿ ಕೇಳಿಯೇ ಸತ್ತಳು.

“ಇವನ ಬಾಯಲ್ಲಿ ಆ ಮಾತು ಕೇಳ್ಲಿಕ್ಕೆ ನನಗೆ ಆಗುದಿಲ್ಲ ಅಕ್ಕ. ಇರ್ತೇನೆ ಅಂತ ಇವನೇ ಹೇಳ್ಬೇಕು. ನಾನು ಹೇಳ್ಸಿದ್ದು ಆಗ್ಬಾರ್ದು. ನೀವು ಇದನ್ನು ಅವನ ಹತ್ರ ಹೇಳ್ಬೇಡಿ, ನನ್ನಾಣೆ.”

ಆಣೆ ಹಾಕಿದ ಮೇಲೆ ನಾನು ಏನು ಮಾಡಲಿ? ಅವನು ಅವಳು ಹೇಳಲೆಂದು ಕಾಯುತ್ತಿದ್ದಾನೆ, ಅವಳು ಅವನು ಹೇಳಲೆಂದು ಕಾಯುತ್ತಿದ್ದಾಳೆ. ನಡುವೆ ನಾನೊಬ್ಬಳು ಎರಡೂ ತಿಳಿದು ಕೂತದ್ದಾಯಿತು. ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಅನ್ನಿಸುತ್ತಿತ್ತು.

ಮೊಂತಿ ಫೆಸ್ತ್ ಎಂದರೆ ಕರಾವಳಿಯ ಕ್ಯಾಥೋಲಿಕರ ತೆನೆ ಹಬ್ಬ. ಮರಿಯಮ್ಮನ ಹುಟ್ಟುಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ತರುತ್ತಾರೆ. ಅದರ ಕಾಳು ಸುಲಿದು ತೆಂಗಿನ ಹಾಲು ಬೆಲ್ಲದಲ್ಲಿ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ತಿನ್ನುವುದು, ಅದಕ್ಕೆ ನೊವೆಂ ಎನ್ನುತ್ತಾರೆ. ಅದು ಬಾಯಿಗೆ ಬೀಳದೆ ಯಾರೂ ಅನ್ನ ಮುಟ್ಟುವ ಹಾಗಿಲ್ಲ. ಆ ದಿನ ಮೀನು ಮಾಂಸ ಇಲ್ಲ, ಬಾಳೆ ಎಲೆಯ ಮೇಲೆ ಬರೀ ತರಕಾರಿ. ನಮ್ಮಂಥ ಪುಳಿಚಾರಿನವರನ್ನು ಧೈರ್ಯವಾಗಿ ಊಟಕ್ಕೆ ಕರೆಯಬಹುದಾದ ಹಬ್ಬ ಇದೊಂದೇ ಎಂದು ಯುಜಿನ್ ತಮಾಷೆ ಮಾಡುತ್ತಿದ್ದ. ಕಾರು ನಮ್ಮದು, ಹಾಗಾಗಿ ಬಾಪ್ಪು ನಮ್ಮನ್ನೂ ಕರೆದಿದ್ದರು. ಆ ವರ್ಷ ಹಬ್ಬ ಭಾನುವಾರವೇ ಬಂದಿತ್ತು. ಅಬುಧಾಬಿ ದಾಟಿ ದುಬೈ ಬರುವವರೆಗೂ ಹಿಂದಿನ ಸೀಟಿನಲ್ಲಿ ಯುಜಿನ್, ಲೂರ್ದ್ ಇಬ್ಬರೂ ಒಂದೊಂದು ಕಿಟಕಿಗೆ ಮುಖ ಮಾಡಿ ಕೂತಿದ್ದರು. ನನ್ನ ಮಗಳು ನಡುವೆ ಕೂತು ಮೊಬೈಲು ಒತ್ತುತ್ತಿದ್ದಳು.

ಅಲ್ ನಹ್ದಾದ ಆ ಮನೆ ತುಂಬಿ ತುಳುಕುತ್ತಿತ್ತು. ಮಂಗಳೂರಿನಿಂದ ವಿಮಾನದಲ್ಲಿ ಬಂದ ತೆನೆ ಮನೆಯ ದೇವರ ಪೀಠದ, ಅವರ ಅಲ್ತಾರಿನ, ಮೇಲೆ, ಅದರ ಸುತ್ತ ಹೂ. ಬಾಪ್ಪುವಿನ ಹೆಂಡತಿ ಎಲ್ಸಿ ಆಂಟಿ ಅಡುಗೆಮನೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಬಾಪ್ಪು ಬಿಳಿ ಅಂಗಿ ತೊಟ್ಟು ಬಂದವರನ್ನೆಲ್ಲ ಕೂರಿಸುತ್ತಿದ್ದರು. ನಮ್ಮನ್ನು ನೋಡಿ, “ಇವತ್ತು ಎಲ್ಲರೂ ಕನ್ನಡ ಮಾತಾಡಿ, ಮೈಸೂರಿನವರು ಬಂದಿದ್ದಾರೆ,” ಎಂದು ಅಪ್ಪಣೆ ಹೊರಡಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದರಿಂದಾಗಿ ಮುಂದೆ ನಡೆದದ್ದರಲ್ಲಿ ನನಗೆ ಒಂದು ಮಾತೂ ತಪ್ಪಲಿಲ್ಲ.

ಬಾಪ್ಪುವಿನ ಸ್ನೇಹಿತ ನೆಲ್ಸನ್ ಎಂಬವರು ಯುಜಿನ್‌ನ ಪಕ್ಕ ಬಂದು ಕೂತರು. “ರುವೈಸ್‌ನಲ್ಲಿ ನಿಮಗೆ ಶಿಫ್ಟಾ, ಜನರಲ್ ಡ್ಯೂಟಿಯಾ?”

ಯುಜಿನ್ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. “ಯಾರಿಗೆ ಕೇಳಿದ್ದು?”

“ನಿಮಗೇ. ನೀವು ರುವೈಸ್‌ನ ಗ್ಯಾಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್ ಅಲ್ವಾ? ಲಿಯೊನೆಲ್ ಹೇಳಿದ್ರು.”

ಬಾಪ್ಪು ಅಲ್ತಾರಿನ ಹತ್ತಿರ ಮೇಣದಬತ್ತಿ ಸರಿಮಾಡುತ್ತಿದ್ದವರು ತಲೆ ಎತ್ತಲಿಲ್ಲ. ಲೂರ್ದ್‌ಳ ಮುಖ ನೋಡಿದೆ. ಅವಳಿಗೂ ಇದು ಹೊಸ ಸುದ್ದಿಯೇ. ನಕ್ಕು ಮಾತು ಹಾರಿಸಿಬಿಡಬಹುದಿತ್ತು. ಬಾಪ್ಪುವಿನ ಮಾನವೂ ಉಳಿಯುತ್ತಿತ್ತು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಇವನು ಬಸ್ಸಿನ ಹಿಂದಿನ ಸೀಟಿನವರೆಗೂ ಕೇಳುವ ದನಿ ತೆಗೆದ.

“ಇಲ್ಲ ನೆಲ್ಸನಣ್ಣ. ನಾನು ನೋಡುವ ಗ್ಯಾಸು ಅಂದ್ರೆ ನಮ್ಮ ಅಡುಗೆಕೋಣೆಯ ಸಿಲಿಂಡರ್ ಮಾತ್ರ. ಹೆಂಡತಿ ದುಡಿಯುದು, ನಾನು ಬೇಯಿಸಿ ಹಾಕುದು. ವೀಸಾ ಕೂಡ ಅವಳದ್ದೇ. ನಾನು ಮಾಡಿದ ಬಂಗುಡೆ ಸಾರು ಒಳ್ಳೆದುಂಟು, ಒಮ್ಮೆ ಆ ಕಡೆ ಬಂದ್ರೆ ಊಟಕ್ಕೆ ಬನ್ನಿ.”

ನೆಲ್ಸನ್ ಬಾಪ್ಪುವಿನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ನಿರಂಜನ ನನ್ನ ಮೊಣಕೈ ತಿವಿದು, ಸುಮ್ಮನಿರು ಎಂದು ಮೊದಲೇ ಎಚ್ಚರಿಸಿದರು. ನಾನಿನ್ನೂ ಬಾಯೇ ತೆರೆದಿರಲಿಲ್ಲ. ತೆರೆದಿದ್ದರೆ ಭೇಷ್ ಎನ್ನುತ್ತಿದ್ದೆ.

ಪ್ರಾರ್ಥನೆ ಮುಗಿಯಿತು. ಬಾಪ್ಪು ಯುಜಿನ್‌ನ ಕಡೆ ಒಮ್ಮೆಯೂ ನೋಡಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ. ಆಮೇಲೆ ನೊವೆಂ. ಆ ಮನೆಯ ಕ್ರಮ ಹೀಗೆ: ಹಿರಿಯರು ಒಂದೊಂದು ಸಂಸಾರಕ್ಕೂ ಒಂದೊಂದು ಸಣ್ಣ ಬಟ್ಟಲು ಕೊಡುತ್ತಾರೆ. ಅದನ್ನು ಆ ಸಂಸಾರದ ಗಂಡಸು ತೆಗೆದುಕೊಂಡು ಹೆಂಡತಿ ಮಕ್ಕಳಿಗೆ ಚಮಚದಲ್ಲಿ ತಿನ್ನಿಸಿ, ಕೊನೆಗೆ ತಾನು ತಿನ್ನಬೇಕು. ಮೊದಲ ಬಟ್ಟಲು ಬಾಪ್ಪುವಿನ ಮಗ ಲಾಯ್ಡ್‌ಗೆ ಹೋಯಿತು. ಆಮೇಲೆ ನೆಲ್ಸನ್‌ಗೆ. ಅತಿಥಿಗಳೆಂದು ನಿರಂಜನರಿಗೂ ಒಂದು. ಅವರು ನನಗೂ ಮಗಳಿಗೂ ಕೊಟ್ಟರು. ಹಸಿ ಅಕ್ಕಿಯ ಪರಿಮಳ ಮೂಗಿಗೆ ಬಂದು ಹಿತವಾಯಿತು.

ಇನ್ನು ಯುಜಿನ್. ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದ. ಬಾಪ್ಪು ಬಟ್ಟಲು ಹಿಡಿದು ಅವನ ಎದುರಿಗೆ ಬಂದರು. ಬಂದವರು ಅವನನ್ನು ದಾಟಿ ಅವನ ಹಿಂದೆ ಕೂತಿದ್ದ ಲೂರ್ದ್‌ಳ ಮುಂದೆ ನಿಂತರು.

“ಇದು ಇವಳಿಗೆ. ಸ್ಪಾನ್ಸರ್ ಇವಳಲ್ವಾ? ಆ ಮನೆಯ ಗಂಡಸು ಯಾರು ಅಂತ ಈಗ ಎಲ್ಲರಿಗೂ ಗೊತ್ತಾಯ್ತಲ್ಲ. ಇವಳೇ ತಿನ್ಸಲಿ.”

ಒಂದಿಬ್ಬರು ಫಕ್ಕನೆ ನಕ್ಕರು. ಯುಜಿನ್‌ನ ಕೈಗಳು ಇನ್ನೂ ಹಾಗೇ ಚಾಚಿದ್ದವು. ಸ್ವಲ್ಪ ಹೊತ್ತಾದ ಮೇಲೆ ಇಳಿಸಿ ಪ್ಯಾಂಟಿಗೆ ಒರೆಸಿಕೊಂಡ, ಏನೋ ಅಂಟಿದೆ ಎನ್ನುವ ಹಾಗೆ. ಲಿಫ್ಟಿನಲ್ಲಿ, ಆಸ್ಪತ್ರೆಯ ಗೇಟಿನಲ್ಲಿ, ಕಟ್ಟಡದ ಕೆಳಗೆ ಯಾರಿಗೂ ಜಗ್ಗದ ಮನುಷ್ಯ ಈಗ ತಿರುಗಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಬಟ್ಟಲನ್ನು ಅವಳು ಅವನ ಕೈಗೆ ದಾಟಿಸಿಬಿಡಲಿ, ಮಾನ ಉಳಿಯಲಿ ಎಂದು ಎಲ್ಲರೂ ಕಾಯುತ್ತಿದ್ದರು. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಎಲ್ಸಿ ಆಂಟಿ ಸೌಟು ಹಿಡಿದು ನಿಂತಿದ್ದರು.

ಲೂರ್ದ್ ಎದ್ದಳು. “ಕೊಡಿ ಬಾಪ್ಪು,” ಎಂದು ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಯಾರಿಗೂ ದಾಟಿಸಲಿಲ್ಲ. ಯುಜಿನ್‌ನ ಎದುರು ಬಂದು ನಿಂತು, ಒಂದು ಚಮಚ ತುಂಬಿ, ಅವನ ಬಾಯಿಗೆ ಹಿಡಿದಳು. ಅವನು ತಿಂದ. ಆಮೇಲೆ ತಾನು ತಿಂದಳು. ಖಾಲಿ ಬಟ್ಟಲನ್ನು ಬಾಪ್ಪುವಿನ ಕೈಗೆ ವಾಪಸು ಕೊಟ್ಟಳು.

“ಹೌದು ಬಾಪ್ಪು, ನಾನೇ ಕರೆಸಿದ್ದು. ಡ್ಯೂಟಿ ಮುಗಿಸಿ ನಿದ್ದೆ ಬಿಟ್ಟು ಆಫೀಸಿಂದ ಆಫೀಸಿಗೆ ಅಲೆದದ್ದು ಇವ ನನ್ನ ಮನೆಗೆ ಬರ್ಲಿ ಅಂತ. ನಿಮ್ಮ ಗೋಡೌನಿಗೆ ಕಳಿಸ್ಲಿಕ್ಕೆ ಅಲ್ಲ. ಈ ಮನೆಯಲ್ಲಿ ಯಾರಿಗಾದ್ರೂ ಇದರಲ್ಲಿ ನಾಚಿಕೆ ಆಗುದಾದ್ರೆ ಆಗ್ಲಿ, ನನಗೆ ಇಲ್ಲ.”

ಇಡೀ ಕೋಣೆಗೆ ಅದನ್ನು ಹೇಳಿ ಅವನ ಕಡೆ ತಿರುಗಿದಳು.

“ಹೋಗ್ಬೇಡ ಯುಜಿನ್. ಇಷ್ಟು ದಿನ ಹೇಳ್ಲಿಕ್ಕೆ ಹೆದರಿದೆ, ಈಗ ಹೇಳ್ತೇನೆ. ಹೋಗ್ಬೇಡ. ನಾಳೆ ಬೇಕಾದ್ರೆ ನಿನ್ನಿಂದಲೇ ಹಾಳಾದೆ ಅಂತ ಹೇಳು. ಸಾಯುವವರೆಗೆ ಹೇಳು. ಆದ್ರೆ ನನ್ನ ಎದುರು ಕೂತು ಹೇಳು.”

ಬಾಪ್ಪುವಿಗೆ ಅಣ್ಣ ಅತ್ತಿಗೆಯ ಕತೆ ಗೊತ್ತಿದ್ದಿರಬೇಕು. ಮುಖ ಒಮ್ಮೆ ಬಿಳುಪಾಯಿತು. ಆದರೂ ಇಷ್ಟು ಜನರ ಎದುರು ಹಿಂದೆ ಸರಿಯಲು ಅವರಿಗೂ ಆಗದು. ಕೈಯಲ್ಲಿದ್ದ ಖಾಲಿ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ ಯುಜಿನ್‌ನ ಕಡೆ ತಿರುಗಿದರು.

“ಸಿನಿಮಾ ಡೈಲಾಗ್ ಹೇಳುದು ಸುಲಭ. ನಾಳೆ ಇವಳ ಕೆಲಸ ಹೋಯ್ತು ಅಂತ ಇಟ್ಕೊ. ಇವಳ ವೀಸಾ ಖಲಾಸ್ ಆದ್ರೆ ನಿನ್ನದೂ ಖಲಾಸ್. ಆಗ ಎಂತ ಮಾಡ್ತಿ? ಇಬ್ಬರೂ ಗಂಟುಮೂಟೆ ಕಟ್ಟುದಾ?”

ಯುಜಿನ್ ಹೆಂಡತಿಯ ಕೈ ಹಿಡಿದುಕೊಂಡ. ಹಿರಿಯರು ತುಂಬಿದ ಕೋಣೆಯಲ್ಲಿ ಹಾಗೆ ಹಿಡಿದದ್ದು ಅವರ ಪೈಕಿ ಯಾರೂ ಕಂಡದ್ದಿರಲಾರದು. ಅವನ ದನಿ ಈಗ ಬಸ್ಸಿನ ದನಿಯಲ್ಲ.

“ಹೌದು ಬಾಪ್ಪು, ಇಬ್ಬರೂ ಕಟ್ಟುದು. ಆರು ವರ್ಷ ಇವಳನ್ನು ಬಜ್ಪೆ ಏರ್‌ಪೋರ್ಟಿಗೆ ಬಿಟ್ಟು ಒಬ್ಬನೇ ಮನೆಗೆ ಬಂದವ ನಾನು. ಬಂದು ನೋಡಿದ್ರೆ ಬಚ್ಚಲಲ್ಲಿ ಇವಳ ಟವೆಲು ಇನ್ನೂ ಒದ್ದೆ ಇರ್ತಿತ್ತು. ಇನ್ನು ಆ ದಾರಿಯಲ್ಲಿ ನಾನು ಒಬ್ಬನೇ ಬರುದಿಲ್ಲ.”